ಏರೊನ ತಕ್ಕಡಿ

ಅಂಗಡಿಯಲ್ಲಿ ಇಪ್ಪತ್ತು ತೋಟಾಗಳ ಒಂದು ಡಬ್ಬಿಗೆ ಆ ವರ್ಷ ನಲವತ್ತಾರು ಡಾಲರ್ ಆಗಿತ್ತು. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಎಸೆಯದೆ ಇಟ್ಟುಕೊಂಡು, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮನೆಯಲ್ಲೇ ತುಂಬಿಕೊಂಡರೆ ಅದೇ ಇಪ್ಪತ್ತಕ್ಕೆ ಹದಿನೇಳು ಡಾಲರ್ ಸಾಕು. ಆದರೆ ತುಂಬುವುದಕ್ಕೆ ಸಾಮಾನು ಬೇಕಲ್ಲ. ಕೋಶ ಒತ್ತುವ ಪ್ರೆಸ್ಸು, ಅದನ್ನು ಅಳತೆಗೆ ತರುವ ಡೈಗಳು, ಮದ್ದು ತೂಗುವ ತಕ್ಕಡಿ, ಎಲ್ಲ ಹೊಸದಾಗಿ ಕೊಂಡರೆ ಐನೂರಕ್ಕೆ ಒಂದು ಕಾಸೂ ಕಡಿಮೆಯಿಲ್ಲ. ಹಳೆಯ ಸಾಮಾನಿದ್ದು ಅದರ ತುಕ್ಕು ತೆಗೆಯುವುದಾದರೆ ಎರಡು ಕ್ಯಾನು ವಿನೆಗರ್‌ಗೆ ಎಂಟು, ಸೀಮೆಎಣ್ಣೆಗೆ ಹನ್ನೊಂದು, ಉಕ್ಕಿನ ನಾರಿನ ಉಂಡೆಗಳಿಗೆ ಐದು. ಇಪ್ಪತ್ತನಾಲ್ಕರಲ್ಲಿ ಮುಗಿಯಿತು. ಊರಿನವರ ಹಳೆಯ ಸಾಮಾನು ರಿಪೇರಿ ಮಾಡಿಕೊಡುವ ಟೌನೊ ಹರ್ಯುವಿನ ಕೂಲಿ ಏಲಕ್ಕಿ ಹಾಕಿದ ಒಂದು ನಿಸು ಬ್ರೆಡ್ಡು. ಅದರಲ್ಲೂ ಅರ್ಧವನ್ನು ಅವನು ಕೆಲಸ ಕೊಟ್ಟವರ ಜೊತೆಗೇ ಕೂತು ಕಾಫಿಯಲ್ಲಿ ಅದ್ದಿ ತಿಂದು ಬರುತ್ತಿದ್ದ.

ಈ ಲೆಕ್ಕವನ್ನೆಲ್ಲ ಕಿರ್ಸ್ಟಿ ಒಂದು ಹಾಲಿನ ಪೊಟ್ಟಣದ ಬೆನ್ನಿಗೆ ಬರೆದುಕೊಂಡೇ ಟೌನೊನನ್ನು ಕರೆಸಿದ್ದಳು. ಅವಳು ಏರೊ ಮತ್ತು ಹಿಲ್ಯಾ ದಂಪತಿಯ ಒಬ್ಬಳೇ ಮಗಳು. ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಗಂಡ ಎಣ್ಣೆ ಬಾವಿಯ ಕೆಲಸಕ್ಕೆಂದು ಡಕೋಟಾ ಕಡೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಎರಡು ಮಕ್ಕಳನ್ನು ಕಟ್ಟಿಕೊಂಡು ಅವಳು ತಾಯಿಯ ಮನೆಗೇ ಬಂದಳು. ಎರಡು ಜಿಂಕೆ ಸಿಕ್ಕರೆ ಚಳಿಗಾಲಕ್ಕೆ ಮಾಂಸ ಸಾಕಾಯಿತು ಎಂದು ಬದುಕುವ ಊರು ಅದು. ಏರೊ ಇರುವವರೆಗೆ ಆ ಮನೆಗೆ ಅದರ ಚಿಂತೆಯಿರಲಿಲ್ಲ. ಅವನು ಚಾವಣಿಯ ಹಿಮ ಎಳೆಯುವಾಗ ಎದೆ ಹಿಡಿದುಕೊಂಡು ಕುಸಿದು ನಾಲ್ಕು ವರ್ಷವಾಗಿತ್ತು. ಆಮೇಲೆ ಬೇಟೆ ಕ್ಯಾಂಪಿನ ಗಂಡಸರು ವರ್ಷ ವರ್ಷ ತಮ್ಮ ತಮ್ಮ ಬೇಟೆಯಿಂದ ಒಂದೊಂದು ತೊಡೆ ತಂದು ಹಿಲ್ಯಾಳ ಬಾಗಿಲಲ್ಲಿ ಇಟ್ಟು ಮಾತಿಲ್ಲದೆ ಹೋಗುತ್ತಿದ್ದರು. ಆ ಶರತ್ಕಾಲದಲ್ಲಿ ಕಿರ್ಸ್ಟಿ ಸಾಕು ಎಂದಳು.

"ಈ ಸಲ ಯಾರೂ ತಂದಿಡೋದು ಬೇಡ ಮಾಮ," ಎಂದಳು ಟೌನೊಗೆ. "ಅಪ್ಪನ ಕೋವಿ ಇದೆ, ಅಪ್ಪನ ಸಾಮಾನಿದೆ, ನನ್ನ ಕೈಯೂ ಇದೆ. ನವೆಂಬರ್ ಹದಿನೈದಕ್ಕೆ ಬೇಟೆ ಶುರುವಾದ ದಿನಾನೇ ನಾನು ಕಾಡಿಗೆ ಹೋಗ್ತೀನಿ."

"ಸಾಮಾನು ಎಲ್ಲಿದೆ?"

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಿಲ್ಯಾ ಅದನ್ನು ಸೌನಾದಲ್ಲಿ ಇಟ್ಟಿದ್ದಳು. ಹಿತ್ತಲಿನ ಉಗಿಮನೆಯಲ್ಲಿ, ಬಟ್ಟೆ ಬಿಚ್ಚಿಡುವ ಹೊರಕೋಣೆಯ ಬೆಂಚಿನ ಕೆಳಗೆ, ಎರಡು ಮರದ ಪೆಟ್ಟಿಗೆಗಳಲ್ಲಿ. ಗಂಡ ಹೋದ ವಾರವೇ ನೆಲಮಾಳಿಗೆಯ ಅವನ ಮೇಜು ಕಣ್ಣಿಗೆ ಬೀಳಬಾರದು ಅನ್ನಿಸಿ ಎಲ್ಲವನ್ನೂ ಹೊತ್ತು ಅಲ್ಲಿ ತುರುಕಿದ್ದಳು. ಒಲೆ ಉರಿಯುವ ಜಾಗ, ಬೆಚ್ಚಗಿರುತ್ತದೆ, ಒಣಗಿರುತ್ತದೆ ಎಂಬ ಲೆಕ್ಕ. ಶನಿವಾರ ಶನಿವಾರ ಒಲೆಯ ಕಲ್ಲಿನ ಮೇಲೆ ಸುರಿದ ನೀರಿನ ಉಗಿ ಬಾಗಿಲ ಸಂದಿನಿಂದ ಬಂದು ಪೆಟ್ಟಿಗೆಯೊಳಗೆ ಕೂತು ತಣ್ಣಗಾಗಿ ನಾಲ್ಕು ವರ್ಷವಾಗಿತ್ತು.

ಟೌನೊ ಮುಚ್ಚಳ ತೆಗೆದ. ಪ್ರೆಸ್ಸು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಡೈಗಳು ತಮ್ಮ ಪ್ಲಾಸ್ಟಿಕ್ ಡಬ್ಬಿಗೇ ಅಂಟಿಕೊಂಡಿದ್ದವು. ತಕ್ಕಡಿಯ ಚೀಲ ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ, ಬೂಷ್ಟು ಹಿಡಿದಿತ್ತು.

"ಹಿಲ್ಯಾ, ಇದಕ್ಕೆ ಬೆನ್ನೂ ಉಜ್ಜಿದ್ಯಾ?" ಎಂದ ಅವನು.

"ಆಡ್ಕೋಬೇಡ ಕಣಯ್ಯ. ನಂಗೇನ್ ಗೊತ್ತು? ಒಲೆ ಹತ್ರ ಇಟ್ರೆ ಒಣಗಿರುತ್ತೆ ಅಂದ್ಕೊಂಡೆ."

"ನೀರು ಹೊಯ್ಯೋ ಒಲೆ ಹತ್ರ."

"ಅಮ್ಮ, ಹೋಗ್ಲಿ ಬಿಡು," ಎಂದಳು ಕಿರ್ಸ್ಟಿ. ಅವಳ ದನಿ ಸಣ್ಣಗಾಗಿತ್ತು. "ಮಾಮ, ಆಗುತ್ತಾ ಇದು? ಇಲ್ಲ ಅಂದ್ರೆ ಇಲ್ಲ ಅನ್ನು. ಅಂಗಡಿ ತೋಟಾನೇ ಒಂದು ಡಬ್ಬಿ ತಂದು, ಗುರಿ ಕೂರಿಸೋಕೇ ಅರ್ಧ ಖಾಲಿ ಮಾಡ್ಕೋತೀನಿ."

ಟೌನೊ ಪ್ರೆಸ್ಸಿನ ಕಂಬವನ್ನು ಹೆಬ್ಬೆರಳಿನ ಉಗುರಿನಿಂದ ಗೀಚಿದ. ಕೆಂಪು ಪುಡಿ ಉದುರಿತು. ಕೆಳಗೆ ಉಕ್ಕು ನಯವಾಗಿಯೇ ಇತ್ತು. ತುಕ್ಕು ಮೇಲೆ ಕೂತಿತ್ತು, ಒಳಗೆ ಕೊರೆದಿರಲಿಲ್ಲ.

"ಹತ್ತು ದಿನ ಕೊಡು," ಎಂದ.

ಅವನು ಮೂವತ್ತೊಂದು ವರ್ಷ ಕಬ್ಬಿಣದ ಗಣಿಯ ರಿಪೇರಿ ಶೆಡ್ಡಿನಲ್ಲಿ ದುಡಿದವನು. ಮೇಲ್ವಿಚಾರಕರು ಬೇರೆಯವರು ಕೂರಿಸಿದ ಬೇರಿಂಗನ್ನು ಅಳೆದು ನೋಡುತ್ತಿದ್ದರು, ಟೌನೊ ಕೂರಿಸಿದ್ದನ್ನು ನೋಡುತ್ತಿರಲಿಲ್ಲ. ಹೆಂಡತಿ ತೀರಿಹೋಗಿ, ಕೆಲಸವೂ ಮುಗಿದ ಮೇಲೆ ಅವನಿಗೆ ಊರಿನಲ್ಲಿ ಇದ್ದ ಆಸ್ತಿಯೆಂದರೆ ಅದೊಂದೇ: ಟೌನೊ ಮುಟ್ಟಿದ್ದನ್ನು ಮತ್ತೊಬ್ಬರು ನೋಡಬೇಕಾಗಿಲ್ಲ.

ಹಾರ್ಡ್‌ವೇರ್ ಅಂಗಡಿಯ ಗಲ್ಲೆಯಲ್ಲಿ ಆರ್ವಿಡ್ ಕೂತಿದ್ದ. ಏರೊ, ಟೌನೊ, ಆರ್ವಿಡ್ ಮೂವರೂ ನಲವತ್ತು ವರ್ಷ ಒಂದೇ ಬೇಟೆಯ ಗುಡಿಸಲಿನಲ್ಲಿ ಮಲಗಿ ಎದ್ದವರು.

"ಎರಡು ಕ್ಯಾನ್ ವಿನೆಗರ್? ಸೌತೆಕಾಯಿ ಉಪ್ಪಿನಕಾಯಿ ಹಾಕ್ತಿದ್ದೀಯೇನೋ?"

"ಏರೊನ ಸಾಮಾನು. ಹಿಲ್ಯಾ ಸೌನಾದಲ್ಲಿ ಇಟ್ಟಿದ್ಲು."

ಆರ್ವಿಡ್ ನಕ್ಕ ನಗೆಗೆ ಮೊಳೆಯ ಡಬ್ಬಿ ಅಲುಗಿತು. "ಏರೊ ಬದುಕಿದ್ರೆ ಅದನ್ನ ನೋಡೇ ಎದೆ ಒಡ್ಕೋತಿದ್ದ! ಸುಮ್ನೆ ಗುಜರಿಗೆ ಹಾಕು ಮಾರಾಯ. ಆ ಹುಡುಗಿಗೆ ನಾನು ಎರಡು ಡಬ್ಬಿ ಹಾಗೇ ಕೊಡ್ತೀನಿ."

"ತಗೊಳ್ಳಲ್ಲ ಅವಳು."

"ಹೌದು, ತಗೊಳ್ಳಲ್ಲ," ಎಂದ ಆರ್ವಿಡ್, ನಗೆ ನಿಲ್ಲಿಸಿ. "ಥೇಟ್ ಏರೊ."

ಕೆಲಸವನ್ನು ಟೌನೊ ಅವಸರವಿಲ್ಲದೆ ಮಾಡಿದ. ಪ್ರೆಸ್ಸನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ಮೂರು ದಿನ ನೆನೆಹಾಕಿ, ಕಂಬವನ್ನು ನಯವಾದ ಉಕ್ಕಿನ ನಾರಿನಿಂದ ಉದ್ದಕ್ಕೆ ಮಾತ್ರ ಉಜ್ಜಿದ. ಅಡ್ಡಕ್ಕೆ ಉಜ್ಜಿದರೆ ಗೀರು ಬಿದ್ದು ಎಣ್ಣೆ ನಿಲ್ಲುವುದಿಲ್ಲ. ಡೈಗಳನ್ನು ವಿನೆಗರ್‌ಗೆ ಹಾಕಲೇ ಇಲ್ಲ. ಅವುಗಳ ಒಳಮೈ ಕನ್ನಡಿಯಂತಿರಬೇಕು. ಹುಳಿ ಅದನ್ನು ತಿಂದರೆ ತೋಟಾದ ಅಳತೆಯೇ ಕೆಡುತ್ತದೆ. ಹಂದಿಕೂದಲಿನ ಸಣ್ಣ ಬ್ರಷ್ಷು, ಎಣ್ಣೆ, ಮತ್ತೆ ಬ್ರಷ್ಷು. ಮೂರನೆಯ ದಿನ ಬೆಳಕಿಗೆ ಹಿಡಿದು ನೋಡಿದಾಗ ಒಳಗೆ ಒಂದು ಚುಕ್ಕೆಯೂ ಕಾಣಲಿಲ್ಲ.

ವಿನೆಗರ್‌ಗೆ ಬಿದ್ದದ್ದು ಚಿಲ್ಲರೆ ಸಾಮಾನು: ತಿರುಪುಗಳು, ಉಂಗುರಗಳು, ಕೇಪು ಹಿಡಿಯುವ ತಟ್ಟೆ, ತಕ್ಕಡಿಯ ತೂಗುಬಟ್ಟಲು. ತಕ್ಕಡಿ ಎಂದರೆ ಅಂಗಡಿಯ ತಕ್ಕಡಿಯಲ್ಲ. ಗೇಣುದ್ದದ ಒಂದು ದಂಡ. ಒಂದು ತುದಿಯಲ್ಲಿ ಮದ್ದಿನ ತಟ್ಟೆ ಕೂರುವ ಬಟ್ಟಲು ತೂಗುತ್ತದೆ, ಇನ್ನೊಂದು ಕಡೆ ಅತ್ತಿತ್ತ ಜರುಗುವ ತೂಕ. ಸಾಸಿವೆಯಷ್ಟು ಮದ್ದಿಗೂ ದಂಡ ತಲೆ ಆಡಿಸುತ್ತದೆ. ದಂಡವನ್ನೂ ಅದು ಕೂರುವ ಚೂರಿಯಂಥ ಅಂಚನ್ನೂ ಅವನು ಒಣಬಟ್ಟೆ ಬಿಟ್ಟು ಬೇರೇನೂ ಸೋಕಿಸಲಿಲ್ಲ. ಬಟ್ಟಲಿನ ತಳ ಮಾತ್ರ ತುಕ್ಕಿನಿಂದ ಉಬ್ಬಿತ್ತು. ಅದನ್ನೂ ಹುಳಿಗೆ ಹಾಕಿದ.

ಎರಡನೆಯ ದಿನ ವಿನೆಗರ್ ಚೆಲ್ಲುವಾಗ ತೊಟ್ಟಿಯ ತಳದಲ್ಲಿ ಕಪ್ಪು ಕೆಸರು, ತುಕ್ಕಿನ ಹಕ್ಕಳೆ, ಬೂದುಬಣ್ಣದ ಎರಡು ಸೀಸದ ಚರೆಗುಂಡು ಕಂಡವು. ಏರೊನ ಮೇಜಿನ ಸಾಮಾನು ಎಂದರೆ ಎಲ್ಲಿ ನೋಡಿದರೂ ಚರೆ; ಅವನು ಕಾಡುಕೋಳಿಗೂ ತೋಟಾ ತುಂಬುತ್ತಿದ್ದ, ಪೆಟ್ಟಿಗೆಯ ಮೂಲೆಗಳಲ್ಲೂ ಹತ್ತಾರು ಉರುಳಾಡುತ್ತಿದ್ದವು. ಟೌನೊ ಕೆಸರಿನ ಜೊತೆಗೆ ಅವನ್ನೂ ಹಿತ್ತಲ ಗುಂಡಿಗೆ ಸುರಿದ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಎಲ್ಲವನ್ನೂ ಅದ್ದಿ, ತೊಳೆದು, ಬ್ರೆಡ್ಡು ಬೇಯಿಸುವ ಒಲೆಯ ಸಣ್ಣ ಬಿಸಿಯಲ್ಲಿ ಒಣಗಿಸಿ, ಎಣ್ಣೆ ಒರೆಸಿದ.

ತಕ್ಕಡಿಯ ಕಾಲಿನಲ್ಲಿ ಮಟ್ಟ ಸರಿಮಾಡುವ ಒಂದು ತಿರುಪು ಇತ್ತು. ಏರೊ ಅದಕ್ಕೂ ಪೀಠಕ್ಕೂ ಸೇರಿಸಿ ಹಿಲ್ಯಾಳ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದಿದ್ದ. ಗೆರೆಗೆ ಗೆರೆ ಕೂಡಿದರೆ ತಕ್ಕಡಿ ಸೊನ್ನೆಯಲ್ಲಿದೆ ಎಂದು ಅವನ ಗುರುತು. ಟೌನೊ ತಿರುಪಿಗೆ ಎಣ್ಣೆ ಬಿಟ್ಟು, ಗೆರೆಗೆ ಗೆರೆ ಕೂಡಿಸಿ ನಿಲ್ಲಿಸಿದ. ಬರಿ ತಟ್ಟೆ ಇಟ್ಟು ದಂಡ ಸೊನ್ನೆಗೆ ನಿಲ್ಲುತ್ತದೆಯೇ ಎಂದು ಅಲ್ಲೇ ನೋಡಬಹುದಿತ್ತು. ನೋಡಲಿಲ್ಲ. ಮೇಜು ಬದಲಾದರೆ ಮಟ್ಟ ಬದಲಾಗುತ್ತದೆ. ತಕ್ಕಡಿಯನ್ನು ಅದು ಕೂರುವ ಮೇಜಿನ ಮೇಲೆಯೇ ನೋಡಬೇಕು. ಭಾನುವಾರ ಹೋಗಿ ಹಿಲ್ಯಾಳ ನೆಲಮಾಳಿಗೆಯಲ್ಲಿ ತಾನೇ ಕೂರಿಸಿ ನೋಡಿಕೊಡುವುದು ಎಂದುಕೊಂಡ.

ಗುರುವಾರ ಕಿರ್ಸ್ಟಿ ಶಾಲೆಯಿಂದ ಬರುವ ದಾರಿಯಲ್ಲಿ ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಳು. ಪ್ರೆಸ್ಸಿನ ಹಿಡಿಯನ್ನು ಒಮ್ಮೆ ಎಳೆದು ನೋಡಿದಳು. ಅದು ಸದ್ದಿಲ್ಲದೆ ಇಳಿಯಿತು. ಇನ್ನೊಮ್ಮೆ ಎಳೆದು ನೋಡಿದಳು.

"ಅಪ್ಪ ಇದ್ದಾಗ್ಲೂ ಇಷ್ಟು ಚೆನ್ನಾಗಿರ್ಲಿಲ್ಲ ಮಾಮ."

"ನಿಮ್ಮಪ್ಪ ಎಣ್ಣೇಲಿ ಜಿಪುಣ," ಎಂದ ಟೌನೊ. "ಭಾನುವಾರ ಬರ್ತೀನಿ. ಕೂರಿಸಿಕೊಡ್ತೀನಿ."

"ಸರಿ," ಎಂದಳು.

ಶನಿವಾರ ಮಧ್ಯಾಹ್ನ ಸಹಕಾರಿ ಅಂಗಡಿಯಲ್ಲಿ ಆಲೂಗಡ್ಡೆ ಚೀಲದ ಹತ್ತಿರ ಇಬ್ಬರೂ ಎದುರಾದರು. ಅವಳ ಮುಖ ಮಗುವಿನಂತೆ ಅರಳಿತ್ತು.

"ನೀನು ಬರೋದು ಬೇಡ ಮಾಮ, ನಾನೇ ಕೂರಿಸ್ಕೊಂಡೆ. ಬೆಳಿಗ್ಗೆ ಮಕ್ಕಳು ಏಳೋದ್ರೊಳಗೆ ನಲವತ್ತು ತುಂಬಿಬಿಟ್ಟೆ! ಅಪ್ಪನ ಪುಸ್ತಕದಲ್ಲಿ ಹೇಗೆ ಬರೆದಿದೆಯೋ ಹಾಗೆ. ಒಂದೊಂದನ್ನೂ ತೂಗಿ."

ಟೌನೊನ ನಾಲಿಗೆಯ ತುದಿಗೆ ಒಂದು ಮಾತು ಬಂತು. ತಕ್ಕಡಿಯನ್ನು ಸೊನ್ನೆಗೆ ನಿಲ್ಲಿಸಿಕೊಂಡೆಯಾ? ಅಷ್ಟೇ ಮಾತು. ಆದರೆ ಅವಳು ಏರೊನ ಮಗಳು. ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನ ಪಕ್ಕ ಸ್ಟೂಲಿನ ಮೇಲೆ ನಿಂತು ಮದ್ದು ಅಳೆದವಳು. ಅವಳಿಗೆ ಆ ಮಾತು ಕೇಳಿದರೆ, ನಿನ್ನಪ್ಪ ನಿನಗೆ ಮೊದಲ ಪಾಠವನ್ನೂ ಕಲಿಸಲಿಲ್ಲವೇ ಎಂದು ಆಲೂಗಡ್ಡೆ ಕೊಳ್ಳುವ ಜನರ ಮುಂದೆ ಕೇಳಿದಂತೆ. ಆ ಊರಿನಲ್ಲಿ ಗೊತ್ತಿರುವವರಿಗೆ ಯಾರೂ ಹೇಳಿಕೊಡುವುದಿಲ್ಲ. ಅವಳು ಖುಷಿಯಾಗಿಯೂ ಇದ್ದಳು.

"ಒಳ್ಳೇದಾಯ್ತು," ಎಂದ. "ಗುರಿ ನೋಡೋಕೆ ಯಾವಾಗ?"

"ನಾಳೆ. ಜಲ್ಲಿ ಗುಂಡಿ ಹತ್ರ."

"ಗಾಳಿ ನೋಡ್ಕೋ," ಎಂದಷ್ಟೇ ಹೇಳಿ ಅವನು ಈರುಳ್ಳಿಯ ಕಡೆ ತಿರುಗಿದ.

ಭಾನುವಾರ ಚರ್ಚು ಮುಗಿದ ಮೇಲೆ ಟೌನೊ ಹಿಂದಿನ ದಿನದ ಬಟಾಣಿ ಸಾರು ಬಿಸಿ ಮಾಡುತ್ತಿದ್ದಾಗ ಫೋನು ಬಂತು. ಹಿಲ್ಯಾ ಅಳುತ್ತಿರಲಿಲ್ಲ. ಆ ದನಿ ಅಳುವುದಕ್ಕಿಂತ ಕೆಟ್ಟದಾಗಿತ್ತು.

"ಟೌನೊ, ಕೋವಿ ಒಡೆದುಹೋಗಿದೆ. ಅವಳ ಮುಖದಲ್ಲಿ ರಕ್ತ. ಆಂಬ್ಯುಲೆನ್ಸ್ ಹೋಯ್ತು. ನನ್ನನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗು."

ಆಸ್ಪತ್ರೆಗೆ ಎಂಬತ್ತು ಮೈಲಿ. ದಾರಿಯುದ್ದಕ್ಕೂ ಹಿಲ್ಯಾ ಮಡಿಲಲ್ಲಿ ಕೈಚೀಲ ಹಿಡಿದುಕೊಂಡು ಎದುರಿಗೇ ನೋಡುತ್ತಿದ್ದಳು. ಒಂದೇ ಒಂದು ಸಲ ಬಾಯಿ ಬಿಟ್ಟಳು. "ಸೌನಾದಲ್ಲಿ ಇಡಬಾರದಾಗಿತ್ತು. ಕೋವೀನೂ ಅಲ್ಲೇ ಮೂಲೇಲಿ ನಿಲ್ಲಿಸಿದ್ದೆ ಒಂದು ವರ್ಷ. ಒಳಗೆಲ್ಲ ಕೊಳೆತಿರಬೇಕು."

"ಅದು ಹಾಗೆ ಕೊಳೆಯಲ್ಲ ಹಿಲ್ಯಾ."

ಅವಳಿಗೆ ಅದು ಕೇಳಿಸಲಿಲ್ಲ.

ನಡೆದದ್ದು ಇಷ್ಟು. ಮೊದಲ ತೋಟಾ ಹಾರಿದಾಗ ಹೆಗಲಿಗೆ ಒದೆ ಜೋರಾಗಿತ್ತು. ನಾಲ್ಕು ವರ್ಷದ ಮೇಲೆ ಹಾರಿಸುತ್ತಿದ್ದೇನೆ, ಅದಕ್ಕೇ ಎಂದು ಕಿರ್ಸ್ಟಿ ಅಂದುಕೊಂಡಳು. ಖಾಲಿ ಕೋಶ ತೆಗೆಯುವ ಬೋಲ್ಟು ಬಿಗಿಯಾಗಿ ಕಚ್ಚಿಕೊಂಡಿತು. ಅದಕ್ಕೂ ತುಕ್ಕು ಹಿಡಿದಿರಬೇಕೆಂದು ಅಂಗೈಯಿಂದ ಗುದ್ದಿ ತೆಗೆದಳು. ಎರಡನೆಯದಕ್ಕೂ ಹಾಗೆಯೇ. ಮೂರನೆಯ ತೋಟಾದ ಬುಡ ಸೀಳಿ ಉರಿಗಾಳಿ ಹಿಂದಕ್ಕೆ ನುಗ್ಗಿತು. ಕೋವಿಯ ಮರದ ಹಿಡಿ ಎರಡು ಹೋಳಾಯಿತು. ಹಿತ್ತಾಳೆಯ ಚೂರುಗಳು ಬಲಗಣ್ಣಿಗೆ ಹೊಕ್ಕವು. ಕಣ್ಣು ಕಾಯುವ ಕನ್ನಡಕ ಹಾಕಿರಲಿಲ್ಲ, ಏರೊ ಎಂದೂ ಹಾಕಿದವನಲ್ಲ. ವೈದ್ಯರು ಆ ಸಂಜೆಯೇ ಕಣ್ಣನ್ನು ತೆಗೆಯಬೇಕಾಯಿತು.

ಸೋಮವಾರ ಹಿಲ್ಯಾ ಟೌನೊನನ್ನು ಕರೆದು ನೆಲಮಾಳಿಗೆಯ ಬಾಗಿಲು ತೋರಿಸಿದಳು. "ಎಲ್ಲ ತಗೊಂಡ್ ಹೋಗು. ನದಿಗೆ ಹಾಕು, ಗುಜರಿಗೆ ಹಾಕು. ನನ್ನ ಮನೇಲಿ ಇರಬಾರದು."

ಅವನು ಪೆಟ್ಟಿಗೆಗಳನ್ನು ತನ್ನ ಶೆಡ್ಡಿಗೆ ತಂದ. ಮರುದಿನ ಬೆಳಿಗ್ಗೆ, ಹೊರಗೆ ವರ್ಷದ ಮೊದಲ ಹಿಮ ಬೀಳುತ್ತಿದ್ದಾಗ, ಏರೊನ ತಕ್ಕಡಿಯನ್ನು ತನ್ನ ಮೇಜಿನ ಮೇಲಿಟ್ಟು ನೀರ್ಮಟ್ಟದ ಕೊಳವೆಯಿಂದ ಮಟ್ಟ ನೋಡಿದ. ಮೇಜು ಸರಿಯಾಗಿತ್ತು. ಕೆಂಪು ಗೆರೆಗೆ ಗೆರೆ ಕೂಡಿತ್ತು. ಜರುಗುವ ತೂಕವನ್ನು ಸೊನ್ನೆಗೆ ತಂದು, ಬರಿ ತಟ್ಟೆಯನ್ನು ಬಟ್ಟಲಿನಲ್ಲಿಟ್ಟ.

ತಟ್ಟೆ ಮೇಲೆದ್ದು ಅಲ್ಲೇ ನಿಂತಿತು.

ಅವನು ಅದನ್ನು ಇಳಿಸಿ, ಮತ್ತೆ ಇಟ್ಟ. ಮತ್ತೆ ಎದ್ದಿತು. ಉಪ್ಪಿನ ಡಬ್ಬಿ ತಂದು ಚಿಟಿಕೆ ಚಿಟಿಕೆಯಾಗಿ ಉಪ್ಪು ಹಾಕುತ್ತ ಬಂದ. ದಂಡ ಸೊನ್ನೆಯ ಗೆರೆಗೆ ಬರುವಷ್ಟು ಉಪ್ಪನ್ನು ತನ್ನದೇ ಇನ್ನೊಂದು ತಕ್ಕಡಿಯಲ್ಲಿ ತೂಗಿದ. ಮದ್ದಿನ ಲೆಕ್ಕದಲ್ಲಿ ಆರು ಗ್ರೇನ್ ಮತ್ತು ಚೂರು, ಅರ್ಧ ಗ್ರಾಮಿಗೂ ಕಡಿಮೆ. ಅಂದರೆ ಕಿರ್ಸ್ಟಿ ಅಪ್ಪನ ಪುಸ್ತಕದ ತೂಕವೆಂದು ನಂಬಿ ತುಂಬಿದ ಒಂದೊಂದು ತೋಟಾದಲ್ಲೂ ಆರು ಗ್ರೇನ್ ಮದ್ದು ಹೆಚ್ಚು. ಏರೊನ ತೂಕವೇ ಆ ಕೋವಿ ತಡೆಯುವುದರ ಅಂಚಿನಲ್ಲಿತ್ತು.

ತೂಗುಬಟ್ಟಲನ್ನು ತಿರುಗಿಸಿ ನೋಡಿದ. ತಳದಲ್ಲಿ ಬಟಾಣಿಯಷ್ಟು ಒಂದು ಗೂಡು, ಖಾಲಿ. ಅದರ ಬಾಯಿಗೆ ಬಿರಡೆ ಕೂತಿದ್ದ ಗುರುತು. ತನ್ನ ತಕ್ಕಡಿಯ ಬಟ್ಟಲನ್ನು ಬಿಚ್ಚಿದ. ಅದರ ಗೂಡಿನಲ್ಲಿ ಮೂರು ಚರೆ ಇದ್ದವು. ಮಾಡಿದವರು ತೂಕ ಸರಿಗೂಡಿಸಲು ಒಳಗೆ ಹಾಕಿ ಮುಚ್ಚಿದ ಚರೆ. ಮೂವತ್ತು ವರ್ಷ ಆ ತಕ್ಕಡಿ ಬಳಸಿದ್ದ, ಬಿರಡೆ ಬಿಚ್ಚುವ ಅಗತ್ಯ ಒಮ್ಮೆಯೂ ಬಿದ್ದಿರಲಿಲ್ಲ. ಏರೊನ ಬಟ್ಟಲಿನ ಬಿರಡೆಯನ್ನು ತುಕ್ಕು ತಿಂದಿತ್ತು, ಹುಳಿ ಬಿಡಿಸಿತ್ತು, ಕೆಸರಿನ ಜೊತೆ ಅವನು ಗುಂಡಿಗೆ ಸುರಿದದ್ದು ತಕ್ಕಡಿಯ ತೂಕವನ್ನೇ.

ಅವನು ಸ್ಟೂಲಿನ ಮೇಲೆ ಕೂತ. ಕಾಫಿ ತಣ್ಣಗಾಗಿ ಮೇಲೆ ಕೆನೆ ಕಟ್ಟಿತು.

ಆ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವನ್ನೂ ಊರು ಉಳಿಸಲಿಲ್ಲ. ಶೆರಿಫ್ ಕಚೇರಿಯವನು ಬಂದು ಒಡೆದ ಕೋವಿ ನೋಡಿ, ಮಹಾಯುದ್ಧಕ್ಕೂ ಮುಂಚಿನ ಕಬ್ಬಿಣ, ಸುಸ್ತಾಗಿದೆ ಎಂದು ಬರೆದುಕೊಂಡು ಹೋದ. ಹಾರ್ಡ್‌ವೇರ್ ಅಂಗಡಿಯಲ್ಲೂ ಅದೇ ಮಾತು.

"ಹಳೇ ಕೋವಿ," ಎಂದ ಆರ್ವಿಡ್. "ಏರೊಗೆ ನಾನು ಎಷ್ಟು ಸಲ ಹೇಳಿದ್ದೆ, ಅದನ್ನ ಗೋಡೆಗೆ ನೇತುಹಾಕು ಅಂತ. ನೀನ್ಯಾಕೋ ಹೀಗೆ ಬೆಳ್ಳಗಾಗಿದ್ದೀಯಾ? ನಿನ್ನ ಕೆಲಸದಲ್ಲಿ ತಪ್ಪು ಹುಡುಕೋನು ಈ ಊರಲ್ಲಿ ಹುಟ್ಟಿಲ್ಲ."

ಟೌನೊ ಬಾಯಿ ತೆರೆದ. ಆರ್ವಿಡ್ ಅಷ್ಟರಲ್ಲಿ ಬೇರೆಯವರಿಗೆ ಮೊಳೆ ತೂಗುತ್ತಿದ್ದ.

ಬೇಟೆ ಶುರುವಾಯಿತು. ಆ ವರ್ಷ ಟೌನೊ ಕ್ಯಾಂಪಿಗೆ ಹೋಗಲಿಲ್ಲ. ಸೊಂಟ ನೋವು ಎಂದ. ಊರಿನ ಗಂಡಸರು ಹಿಲ್ಯಾಳ ಬಾಗಿಲಿಗೆ ಒಂದರ ಬದಲು ಎರಡೆರಡು ತೊಡೆ ತಂದಿಟ್ಟರು. ಯಾರದೂ ಬೇಡ ಎಂದ ಕಿರ್ಸ್ಟಿಯ ಮನೆಯ ಶೀತಪೆಟ್ಟಿಗೆ ಹಿಂದೆಂದೂ ತುಂಬದಷ್ಟು ತುಂಬಿತು. ಒಂದು ಕಡೆ ಬ್ಯಾಂಡೇಜು ಕಟ್ಟಿಕೊಂಡು ಅವಳು ಮಾಂಸ ಪೊಟ್ಟಣ ಕಟ್ಟುತ್ತಿದ್ದಾಗ ಅದನ್ನು ನೋಡಲಾರದೆ ಟೌನೊ ಸೌದೆ ಒಡೆಯುವ ನೆಪದಲ್ಲಿ ಹಿತ್ತಲಿಗೆ ಹೋದ.

ಹಿತ್ತಲಿನಲ್ಲಿ ಸೌನಾದ ಬಾಗಿಲಿಗೆ ಹಿಮ ಒತ್ತಿಕೊಂಡು ನಿಂತಿತ್ತು. ಯಾರೂ ಸರಿಸಿರಲಿಲ್ಲ. ಅದು ಶನಿವಾರ.

"ಅಮ್ಮ ಎರಡು ವಾರದಿಂದ ಸೌನಾ ಕಾಯಿಸಿಲ್ಲ," ಎಂದಳು ಕಿರ್ಸ್ಟಿ, ಬಾಗಿಲಲ್ಲಿ ನಿಂತು. "ನನ್ನ ಹೆರಿಗೆ ದಿನಾನೂ ಕಾಯಿಸಿದ್ದವಳು. ಅಪ್ಪನ್ನ ಮಣ್ಣು ಮಾಡಿದ ದಿನಾನೂ. ಈಗ ಆ ಕಡೆ ತಲೆ ಹಾಕಲ್ಲ. ಊಟಕ್ಕೆ ಕೂತ್ರೆ ಆಲೂಗಡ್ಡೆ ಚುಚ್ಚಿ ಚುಚ್ಚಿ ಎದ್ದುಹೋಗ್ತಾಳೆ. ನಾನೇ ನಿನ್ನ ಕಣ್ಣು ತಿಂದೆ ಅಂತಾಳೆ. ನೀನು ಹೇಳು ಮಾಮ, ನಿನ್ನ ಮಾತು ಕೇಳ್ತಾಳೆ. ಸೌನಾದಲ್ಲಿ ಇಟ್ಟಿದ್ದಕ್ಕೆ ಅಲ್ಲ ಅಂತ ಹೇಳು."

ಟೌನೊ ಕೊಡಲಿಯನ್ನು ದಿಮ್ಮಿಗೆ ಊರಿದ. ಒಳಗೆ ಬಂದು ಟೋಪಿ ತೆಗೆದ. ಹಿಲ್ಯಾ ಕಿಟಕಿಯ ಹತ್ತಿರ ಕೂತಿದ್ದಳು, ಮಡಿಲಲ್ಲಿ ಹೆಣೆಯದ ಉಲ್ಲನ್ನು ಇಟ್ಟುಕೊಂಡು.

"ಹಿಲ್ಯಾ, ಇಲ್ಲಿ ಕೇಳು. ಸೌನಾ ಅಲ್ಲ. ಕೋವೀನೂ ಅಲ್ಲ. ನಾನು."

"ಸುಮ್ನಿರು ಟೌನೊ. ನನಗೆ ಸಮಾಧಾನ ಮಾಡಬೇಡ."

"ಸಮಾಧಾನ ಅಲ್ಲ. ತಕ್ಕಡಿ ಬಟ್ಟಲು ವಿನೆಗರ್‌ಗೆ ಹಾಕಿದೆ. ತಳದ ಬಿರಡೆ ಬಿಟ್ಕೊಂಡು ಒಳಗಿದ್ದ ಎರಡು ಚರೆ ಬಿದ್ದೋದ್ವು. ಕಸ ಅಂದ್ಕೊಂಡು ಚೆಲ್ಲಿಬಿಟ್ಟೆ. ಬಟ್ಟಲು ಹಗುರ ಆಯ್ತು, ಮದ್ದು ಹೆಚ್ಚಾಯ್ತು. ನಾನು ಸೊನ್ನೆ ನೋಡ್ಲಿಲ್ಲ. ನೋಡೋಕೆ ಅರ್ಧ ನಿಮಿಷ ಸಾಕಾಗಿತ್ತು."

ಅಡುಗೆಮನೆಯಲ್ಲಿ ಮಾಂಸದ ಕಾಗದ ಸುತ್ತುವ ಸದ್ದು ನಿಂತಿತು. ಕಿರ್ಸ್ಟಿ ಒಳಗೆ ಬಂದಳು. ಒಂಟಿಗಣ್ಣಿಗೆ ಇನ್ನೂ ಅಭ್ಯಾಸವಾಗದೆ ಅವಳ ಭುಜ ಬಾಗಿಲಿನ ಚೌಕಟ್ಟಿಗೆ ತಾಗಿತು.

"ಕೆಂಪು ಗೆರೆ ಕೂಡಿತ್ತು," ಎಂದಳು. "ನಾನು ನೋಡ್ದೆ. ಕೂಡಿತ್ತು."

"ನಾನೇ ಕೂಡಿಸಿ ಇಟ್ಟಿದ್ದೆ."

"ಬರಿ ತಟ್ಟೆ ಇಟ್ಟು ನೋಡ್ಬೇಕು ಅಂತ ಅನ್ನಿಸ್ತು ನಂಗೆ. ಆಮೇಲೆ, ಟೌನೊ ಮಾಮ ಮಾಡಿದ್ದನ್ನ ಮತ್ತೆ ನೋಡೋದಾ ಅಂತ ಬಿಟ್ಟೆ. ಮದ್ದು ಕೋಶದಲ್ಲಿ ಮೇಲಕ್ಕೆ ಬರ್ತಿತ್ತು. ಅದೂ ಕಣ್ಣಿಗೆ ಬಿತ್ತು. ನನಗೇ ಮರೆತಿರಬೇಕು ಅಂದ್ಕೊಂಡೆ."

"ಅಂಗಡೀಲಿ ಸಿಕ್ಕಿದಾಗ ಕೇಳ್ಬೇಕು ಅನ್ನಿಸ್ತು," ಎಂದ ಟೌನೊ. "ನಿನಗೆ ಗೊತ್ತಿಲ್ಲದ್ದಾ ಅಂತ ಬಿಟ್ಟೆ."

ಕಿರ್ಸ್ಟಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೊತ್ತಿನ ತನಕ ಇರಲಿಲ್ಲ. ಆಮೇಲೆ ಅವಳು ಕೇಳಿದಳು:

"ಇದು ನಿನಗೆ ಯಾವಾಗ ಗೊತ್ತಾಯ್ತು ಮಾಮ?"

ಟೌನೊ ಟೋಪಿಯ ಅಂಚನ್ನು ತಿರುಗಿಸಿದ. ಸುಳ್ಳು ಹೇಳಿದರೆ ನಡೆಯುತ್ತಿತ್ತು. ನಿನ್ನೆ ಎಂದರೆ ಸಾಕಾಗಿತ್ತು.

"ಹನ್ನೊಂದು ದಿನ ಆಯ್ತು."

"ಹನ್ನೊಂದು ದಿನ," ಎಂದಳು ಅವಳು. "ಹನ್ನೊಂದು ದಿನ ನಮ್ಮಮ್ಮ ನನ್ನ ಕಣ್ಣಿನ ಬ್ಯಾಂಡೇಜ್ ಬಿಚ್ಚೋವಾಗ ದಿನಾ ನನ್ನ ಹತ್ರ ಕ್ಷಮೆ ಕೇಳಿದ್ದಾಳೆ. ನೀನು ದಿನಾ ಬಂದು ಸೌದೆ ಒಡೆದು ಹೋಗಿದ್ದೀಯ."

"ಕಿರ್ಸ್ಟಿ," ಎಂದಳು ಹಿಲ್ಯಾ.

"ತಪ್ಪಾಗಿದ್ದಕ್ಕೆ ಅಲ್ಲ ಅಮ್ಮ. ಅದು ನಂದೂ ಇದೆ. ತಟ್ಟೆ ಇಟ್ಟು ನೋಡದೆ ಇದ್ದದ್ದು ನಾನು." ಅವಳು ಟೌನೊನ ಕಡೆ ತಿರುಗಲಿಲ್ಲ. "ನೀವು ಹೊರಡಿ."

ನೀನು ಎನ್ನುತ್ತಿದ್ದವಳು ನೀವು ಎಂದದ್ದು ಅವನಿಗೆ ಕೇಳಿಸಿತು. ಟೋಪಿ ಹಾಕಿಕೊಂಡು ಹೊರಟ. ಒಡೆದ ಸೌದೆಯನ್ನು ಹೋಗುವಾಗ ಗೋಡೆಗೆ ಜೋಡಿಸಿಟ್ಟು ಹೋದ. ಹಿಮದಲ್ಲಿ ಬಿಟ್ಟುಬಂದರೆ ಉರಿಯುವುದಿಲ್ಲ.

ಆರ್ವಿಡ್‌ಗೂ ಅವನೇ ಹೋಗಿ ಹೇಳಿದ. ಆರ್ವಿಡ್ ಗಲ್ಲೆಯ ಮರವನ್ನು ಉಜ್ಜುತ್ತ "ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ. ಆದರೆ ಮರುವರ್ಷದಿಂದ ಕ್ಯಾಂಪಿನ ಮೇಜಿನ ಮೇಲೆ ಮದ್ದು ತೂಗುವವನು ಮೊದಲು ಬರಿ ತಟ್ಟೆ ಇಟ್ಟು, ಸೊನ್ನೆ ಎಂದು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬ ಬಗ್ಗಿ ನೋಡಬೇಕು ಎಂದು ಆರ್ವಿಡ್ ಕಟ್ಟು ಹಾಕಿದ. ಮುದುಕರು ಮೊದಮೊದಲು ನಾಚಿಕೊಂಡರು. ಆಮೇಲೆ ರೂಢಿಯಾಯಿತು.

ಟೌನೊನ ಶೆಡ್ಡಿಗೆ ತುಕ್ಕು ಹಿಡಿದ ಸಾಮಾನು ಆಮೇಲೆ ಬರಲಿಲ್ಲ. ಯಾರೂ ಒಂದು ಮಾತೂ ಆಡಲಿಲ್ಲ; ಸುಮ್ಮನೆ ತರುವುದನ್ನು ನಿಲ್ಲಿಸಿದರು. ಕಿರ್ಸ್ಟಿ ದಾರಿಯಲ್ಲಿ ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಮಾಮ ಎಂದು ಮತ್ತೆ ಕರೆಯಲಿಲ್ಲ. ಹಿಲ್ಯಾ ಮಾತ್ರ ಮುಂದಿನ ಶನಿವಾರ ಬಾಗಿಲ ಹಿಮ ಸರಿಸಿ ಸೌನಾ ಕಾಯಿಸಿದಳು, ಆ ದಿನ ಎರಡು ತಟ್ಟೆ ಊಟ ಮಾಡಿದಳು ಎಂದು ಆರ್ವಿಡ್‌ನ ಹೆಂಡತಿ ಹೇಳಿದಳು.

ಒಟ್ಟಿನಲ್ಲಿ ಹೋದದ್ದು ಕಿರ್ಸ್ಟಿಯ ಬಲಗಣ್ಣು, ಅವಳಪ್ಪನ ಕೋವಿ, ಟೌನೊ ಹರ್ಯುವಿನ ಹೆಸರು. ಉಳಿದದ್ದು ಹಿಲ್ಯಾಳ ಊಟ ಮತ್ತು ನಿದ್ದೆ.